ಉಸಿರು ಬಿಡೋ ತಮ್ಮಾ

ಜನವರಿ 9

ತಮ್ಮನಿಗೆ,

ಆಶೀರ್ವಾದ, ಕ್ಷೇಮ ಸಮಾಚಾರ ಎಲ್ಲ ಆಮೇಲೆ. ಮೊದಲು ಇದಕ್ಕೆ ಉತ್ತರ ಕೊಡು. ಕಣ್ಣಿನ ಆಪರೇಷನ್ನಿಗೆ ಅಂತ ಹೋಗಿ, ಹಸಿರು ಅಂಗಿ ತೊಟ್ಟು, ಡ್ರಾಪ್ಸ್ ಹಾಕಿಸ್ಕೊಂಡು, ಇನ್ನೇನು ಒಳಗೆ ಕರೀಬೇಕು ಅನ್ನೋ ಹೊತ್ತಿಗೆ ಬಿಪಿ ಏರಿಸ್ಕೊಂಡು ಮನೆಗೆ ವಾಪಸ್ ಬಂದಿದ್ದೀಯಲ್ಲ, ಇದು ಎಷ್ಟನೇ ಸಲ? ಎರಡನೇ ಸಲ. ಅದೂ ನಿನ್ನ ಸೊಸೆ ಫೋನ್ ಮಾಡಿ ಹೇಳಿದ ಮೇಲೆ ನನಗೆ ಗೊತ್ತಾಗಬೇಕು. ಹಿಂದಿನ ಕಾಗದದಲ್ಲಿ "ಕಣ್ಣಿನ ವಿಷಯ ನಡೀತಾ ಇದೆ" ಅಂತ ಒಂದು ಸಾಲು ಗೀಚಿ ಕೈ ತೊಳ್ಕೊಂಡಿದ್ದೀಯ. ಏನು ನಡೀತಾ ಇದೆ, ನಿನ್ನ ತಲೆ.

ಡಾಕ್ಟರು ಹೇಳಿದ್ದನ್ನ ಅವಳು ಒಂದಕ್ಷರ ಬಿಡದೆ ಹೇಳಿದಳು. ಪೊರೆ ದಿನದಿಂದ ದಿನಕ್ಕೆ ಗಟ್ಟಿಯಾಗ್ತಿದೆ, ಈ ಬೇಸಿಗೆ ದಾಟಿಸಿದ್ರೆ ತೆಗೆಯೋದೇ ಕಷ್ಟ, ಆಮೇಲೆ ದೃಷ್ಟಿ ಬರುತ್ತೆ ಅಂತ ಮಾತು ಕೊಡೋಕಾಗಲ್ಲ ಅಂದ್ರಂತೆ. ನಲವತ್ತೈದು ವರ್ಷ ಬೀದಿ ಬೀದಿಯ ಅಂಗಡಿಗಳಿಗೆ ಬೋರ್ಡ್ ಬರೆದವನು ನೀನು. ಈಗ ಟೀ ಲೋಟ ಎಲ್ಲಿದೆ ಅಂತ ಮೇಜು ತಡಕ್ತೀಯಂತೆ. ಮಾತ್ರೆ ತಪ್ಪಿಸಲ್ಲ, ಉಪ್ಪು ಕಡಿಮೆ ಮಾಡಿದ್ದೀಯ, ಮನೆಯಲ್ಲಿ ಬಿಪಿ ಹೇಗೋ ಇರುತ್ತೆ, ಆ ಆಸ್ಪತ್ರೆ ಬೆಂಚಿನ ಮೇಲೆ ಕೂತ ತಕ್ಷಣ ಏರುತ್ತೆ ಅಂದ್ರೆ ಅದು ರಕ್ತದ ದೋಷ ಅಲ್ಲ, ನಿನ್ನ ಬಿಗುಮಾನದ ದೋಷ.

ಇಲ್ಲಿ ನಮ್ಮೂರಿನ ವಯಸ್ಸಾದವರ ಕ್ಲಿನಿಕ್ಕಿನಲ್ಲಿ ಮೈ ಸಡಿಲ ಬಿಡೋದನ್ನ ಹೇಳಿಕೊಡ್ತಾರೆ. ಮಾತ್ರೆ ಜೊತೆಗೆ ಅದನ್ನೂ ಮಾಡಿದ ಮೇಲೇ ನನ್ನ ಬಿಪಿ ಹದಕ್ಕೆ ಬಂದಿದ್ದು. ರೇಡಿಯೋದಲ್ಲಿ ಸುದ್ದಿ ಓದ್ತಿದ್ದೋಳು ಅಂತ ಗೊತ್ತಾಗಿ ಡಾಕ್ಟರು ನನ್ನ ಕೈಲೇ ಒಂದು ಕ್ಯಾಸೆಟ್ ಮಾಡಿಸಿದ್ದಾರೆ. ಅದನ್ನ ಹಾಕಿದ್ರೆ ಅರ್ಧ ಜನ ಗೊರಕೆ ಹೊಡೀತಾರೆ. ಒಂದು ಪ್ರತಿ ಕಳಿಸಿದ್ದೀನಿ. ಬೆಳಿಗ್ಗೆ ಸಂಜೆ ಕೇಳು, ಅದು ಹೇಳಿದ ಹಾಗೆ ಮಾಡು. ನಿನ್ನ ಸ್ವಂತ ಬುದ್ಧಿ ಉಪಯೋಗಿಸಬೇಡ.

ಅಕ್ಕ


ಜನವರಿ 20

ಅಕ್ಕ,

ಕಾಗದವನ್ನ ಸೊಸೆ ಓದಿ ಹೇಳಿದಳು. ಬೈಗುಳ ಬಂದ ಕಡೆಯೆಲ್ಲ ಕೆಮ್ಮಿದಳು. ತುಂಬಾ ಕೆಮ್ಮಿದಳು. ನಾನು ಹೀಗೆ ಕ್ಯಾಲೆಂಡರ್ ಹಾಳೆಯ ಹಿಂದೆ, ಬೋರ್ಡ್ ಪೆನ್ನಲ್ಲಿ, ಹೆಬ್ಬೆರಳು ಗಾತ್ರದ ಅಕ್ಷರದಲ್ಲೇ ಬರೆಯೋದು, ಹಾಗೆ ಬರೆದ್ರೆ ಮಾತ್ರ ನನಗೆ ಕಾಣೋದು. ಲಕೋಟೆ ದಪ್ಪ ಆಯ್ತು ಅಂತ ಗೊಣಗಬೇಡ. ಫೋನ್ ಮಾಡು ಅಂತಲೂ ಹೇಳಬೇಡ. ಫೋನಲ್ಲಿ ನೀನೊಬ್ಬಳೇ ಮಾತಾಡ್ತೀಯ, ಕಾಗದದಲ್ಲಾದ್ರೆ ನನಗೂ ಸರದಿ ಬರುತ್ತೆ.

ಕ್ಯಾಸೆಟ್ ಹಾಕಿದೆ. "ಕಣ್ಣು ಮುಚ್ಚಿ. ಕಾಲ್ಬೆರಳುಗಳನ್ನು ಸಡಿಲ ಬಿಡಿ." ಹುಟ್ಟಿದಾಗಿನಿಂದ ನನ್ನನ್ನ ಒಂದು ಸಲವೂ ಬಹುವಚನದಲ್ಲಿ ಮಾತಾಡಿಸದವಳು ಈಗ ಬಿಡಿ ಅಂತಿದ್ದೀಯಲ್ಲ ಅಂತ ನಗು ಬಂತು. ಇರಲಿ, ಕಾಲ್ಬೆರಳು ಬಿಟ್ಟೆ. ಮಂಡಿ ಬಿಡಿ ಅಂದೆ, ಬಿಟ್ಟೆ. ಭುಜಕ್ಕೆ ಬರೋ ಹೊತ್ತಿಗೆ, ಇದು ಅದೇ ದನಿ ಅಲ್ವಾ ಅನ್ನಿಸ್ತು. ಹಲ್ಲುಜ್ಜು, ಪುಸ್ತಕ ತೆಗಿ, ಅಲ್ಲಿ ಹತ್ತಬೇಡ, ಇಲ್ಲಿ ಇಳೀಬೇಡ. ಬಿಟ್ಟಿದ್ದ ಮಂಡಿ ತಾನಾಗೇ ಮತ್ತೆ ಬಿಗಿ ಆಯ್ತು.

ಆಮೇಲೆ ಸಮುದ್ರ ತೀರ ನೆನೆಸ್ಕೊಳ್ಳಿ ಅಂದೆ. ನೆನೆಸ್ಕೊಂಡೆ. ಮರಳು ಬಂತು, ಅಲೆ ಬಂತು, ಮರಳಿನ ಪಕ್ಕದಲ್ಲೇ ಒಂದು ಹೋಟೆಲೂ ಬಂತು. ಆ ಹೋಟೆಲಿನ ಬೋರ್ಡ್ ಯಾರು ಬರೆದಿದ್ರೋ, ಮೊದಲಕ್ಷರ ಆನೆ ಗಾತ್ರ, ಕೊನೆಗೆ ಜಾಗ ಸಾಲದೆ ಉಳಿದದ್ದೆಲ್ಲ ಒಂದರ ಮೇಲೊಂದು ಬಿದ್ದಿದೆ. ಅಳತೆ ಮಾಡದೆ ಬ್ರಷ್ ಎತ್ತೋ ಇಂಥವರನ್ನ ಕಂಡ್ರೆ ನನಗೆ ಮೈಯೆಲ್ಲ ಉರಿಯುತ್ತೆ. ಕ್ಯಾಸೆಟ್ ಮುಗಿದ ಮೇಲೆ ಸೊಸೆ ಬಿಪಿ ಮಷೀನಿಟ್ಟು ನೋಡಿದಳು. ಶುರು ಮಾಡೋ ಮುಂಚೆ ಇದ್ದದ್ದಕ್ಕಿಂತ ಜಾಸ್ತಿ ಇತ್ತು.

ತಮ್ಮ


ಜನವರಿ 28

ತಮ್ಮನಿಗೆ,

ಸಮುದ್ರ ತೋರಿಸಿದ್ರೆ ಅದರ ಪಕ್ಕ ಹೋಟೆಲ್ ಕಟ್ಟಿ, ಅದಕ್ಕೆ ಬೋರ್ಡ್ ಹಾಕಿ, ಆ ಬೋರ್ಡಲ್ಲಿ ತಪ್ಪು ಹುಡುಕೋನು ಈ ಭೂಮಿ ಮೇಲೆ ನೀನೊಬ್ಬನೇ ಇರಬೇಕು. ನಿನ್ನ ಕಾಗದವನ್ನ ನಮ್ಮ ಡಾಕ್ಟರಿಗೆ ಓದಿ ಹೇಳಿದೆ. ಅವರು ಹೊಟ್ಟೆ ಹಿಡ್ಕೊಂಡು ನಕ್ಕರು. ನನಗೆ ನಗು ಬರಲಿಲ್ಲ. ನಿನಗೆ ಕಣ್ಣು ಬೇಕೋ ಬೇಡವೋ ಅದನ್ನ ಹೇಳಿಬಿಡು, ನಾನು ಯಾಕೆ ಸುಮ್ಮನೆ ಗಂಟಲು ಹರ್ಕೊಳ್ಳಲಿ.

ಡಾಕ್ಟರು ಹೇಳಿದ್ದು ಇಷ್ಟು. ಕೆಲವರಿಗೆ ನೆನೆಸ್ಕೊಳ್ಳೋದು ಒಗ್ಗಲ್ಲವಂತೆ, ಅಂಥವರು ಸ್ನಾಯುಗಳ ಅಭ್ಯಾಸ ಮಾಡಬೇಕಂತೆ. ಮುಷ್ಟಿಯನ್ನ ಬೇಕಂತಲೇ ಬಿಗಿ ಹಿಡಿಯೋದು, ಆಮೇಲೆ ಬಿಡೋದು. ಭುಜ ಎತ್ತೋದು, ಇಳಿಸೋದು. ಬಿಗಿ ಅಂದ್ರೇನು ಅಂತ ಮೈಗೆ ಗೊತ್ತಾದ್ರೆ ಬಿಡೋದೂ ಗೊತ್ತಾಗುತ್ತೆ. ನಿಮ್ಮ ಬೀದಿ ಕೊನೆಯ ವಾಚನಾಲಯದ ಮಹಡಿಯಲ್ಲಿ ಇದರ ಕ್ಲಾಸ್ ಇದೆ ಅಂತ ಸೊಸೆ ಹೇಳಿದಳು. ಹೆಸರು ಕೊಡಿಸಿದ್ದೀನಿ. ಹೋಗು. ಹೋಗಿ ಯಾರ ಜೊತೆಗೂ ಜಗಳ ಆಡಬೇಡ.

ಅಕ್ಕ


ಫೆಬ್ರವರಿ 9

ಅಕ್ಕ,

ನನ್ನನ್ನ ಒಂದು ಮಾತು ಕೇಳದೆ ಹೆಸರು ಕೊಡಿಸಿದ್ದಕ್ಕೆ ನಿನಗೆ ಏನು ಹೇಳಬೇಕೋ ಗೊತ್ತಾಗ್ತಿಲ್ಲ. ಸೊಸೆ ಕೈ ಹಿಡ್ಕೊಂಡು ಮೆಟ್ಟಿಲು ಹತ್ತಿಸಿದಳು. ಎಪ್ಪತ್ತಾದವನನ್ನ ಮೊದಲ ದಿನ ಸ್ಕೂಲಿಗೆ ಬಿಟ್ಟು ಬಂದ ಹಾಗೆ ಬಿಟ್ಟು ಹೋದಳು.

ಒಂದು ಉದ್ದನೆ ಕೋಣೆ, ನೆಲಕ್ಕೆ ಚಾಪೆ, ಎಲ್ಲ ನನ್ನ ವಯಸ್ಸಿನ ಮುರುಕು ಸಾಮಾನುಗಳೇ. ಮೇಡಮ್ಮು ಒಳ್ಳೇ ಹುಡುಗಿ. ಮುಷ್ಟಿ ಬಿಗಿ ಮಾಡಿ ಅಂದಳು, ಮಾಡಿದೆವು. ಬಿಡಿ ಅಂದಳು, ಎಲ್ಲರೂ ಬಿಟ್ಟರು. ನನ್ನ ಪಕ್ಕದಲ್ಲೊಬ್ಬ ನಿವೃತ್ತ ಪೊಲೀಸಿನವನು, ಅವನು ಕೈ ಕಾಲು ಎಲ್ಲ ಒಟ್ಟಿಗೆ ಬಿಟ್ಟು ಅಲ್ಲೇ ನಿದ್ದೆ ಹೋದ. ನಾನು ಮಾತ್ರ ಸರಿಯಾಗಿ ಮಾಡೋಣ ಅಂತ ಒಂದೊಂದೇ ಬೆರಳು ಬಿಡ್ತಿದ್ದೆ. ಮೇಡಮ್ಮು ಬಂದು "ಯಾಕೆ ಮುಖ ಕೆಂಪಗಾಗಿದೆ, ನೀವು ಉಸಿರೇ ಆಡ್ತಿಲ್ಲ" ಅಂದಳು. ನಾನು, "ಅಲ್ಲಮ್ಮಾ, ಇಷ್ಟು ನಾಜೂಕಿನ ಕೆಲಸ ಮಾಡುವಾಗ ಯಾರಾದ್ರೂ ಉಸಿರಾಡ್ತಾರಾ" ಅಂದೆ. ಅವಳಿಗೆ ಅರ್ಥ ಆಗಲಿಲ್ಲ. ಬ್ರಷ್ ಹಿಡಿದವರಿಗೆ ಗೊತ್ತು. ಉದ್ದ ಗೆರೆ ಎಳೀಬೇಕಾದ್ರೆ ಉಸಿರು ಒಳಗೆ ಕಟ್ಟಬೇಕು, ಗೆರೆ ಮುಗಿದ ಮೇಲೆ ಬಿಡಬೇಕು. ನಡುವೆ ಬಿಟ್ರೆ ಗೆರೆ ಅಲ್ಲಾಡುತ್ತೆ, ಅಲ್ಲಾಡಿದ್ರೆ ಕೆಲಸ ಕಲಿಸಿದ ಮೇಷ್ಟ್ರು ಬೆನ್ನಿಗೆ ಸ್ಕೇಲಲ್ಲಿ ಬಿಡ್ತಿದ್ರು. ಗಮನ ಕೊಡೋದು ಅಂದ್ರೆ ನನಗೆ ಅದೇ.

ಪೊಲೀಸಿನವನ ಗೊರಕೆಯಲ್ಲಿ ಮೇಡಮ್ಮಿನ ಮಾತೇ ಕೇಳಿಸ್ತಿರಲಿಲ್ಲ. ಅವನನ್ನ ತಿವಿದು ಎಬ್ಬಿಸಿದೆ. ಜಗಳ ಆಯ್ತು. ಇನ್ನು ಹೋಗಲ್ಲ.

ತಮ್ಮ


ಫೆಬ್ರವರಿ 16

ತಮ್ಮನಿಗೆ,

ನಿನ್ನ ಕಾಗದ ಓದಿದೆ. ಈಗ ಕೇಳ್ತೀನಿ, ನಿಜ ಹೇಳು. ಆಸ್ಪತ್ರೆಯಲ್ಲಿ ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬ್ತಾರಲ್ಲ, ಆಗಲೂ ಗಮನ ಕೊಟ್ಟು ಕೂರ್ತೀಯಾ? ಅಲ್ಲಾಡಬಾರದು ಅಂತ ಉಸಿರು ಕಟ್ಟಿಕೊಂಡು? ಕೂತೇ ಕೂರ್ತೀಯ, ನನಗೆ ಗೊತ್ತು. ಅಯ್ಯೋ ಪುಣ್ಯಾತ್ಮ. ಉಸಿರು ಬಿಗಿ ಹಿಡಿದು, ಹೊಟ್ಟೆ ಬಿಗಿ ಹಿಡಿದು, ಹೆದರ್ಕೊಂಡು ಕೂತವನ ಬಿಪಿ ಏರದೆ ಇನ್ನೇನು ಇಳಿಯುತ್ತಾ? ಸಡಿಲ ಬಿಡು ಅಂತ ನಾನು ಹೇಳಿದಷ್ಟೂ ನೀನು ಗಮನ ಕೊಟ್ಟೆ, ಗಮನ ಕೊಟ್ಟಷ್ಟೂ ಉಸಿರು ಕಟ್ಟಿದೆ. ಇಷ್ಟು ದಿನ ಇಬ್ಬರೂ ಸೇರಿ ಇದೇ ಮಾಡಿದ್ದೀವಿ. ತಲೆ ಚಚ್ಚಿಕೊಳ್ಳೋಣ ಅನ್ನಿಸ್ತಿದೆ.

ನನ್ನ ಕೆಲಸದಲ್ಲಿ ಉಸಿರು ಕಟ್ಟಿದ್ರೆ ಮುಗೀತು. ವಾಕ್ಯ ಹೊರಗೆ ಹೋಗೋದೇ ಉಸಿರಿನ ಮೇಲೆ. ಮೆಲ್ಲಗೆ, ಒಂದೇ ಸಮ, ಕೊನೆ ಅಕ್ಷರದವರೆಗೂ ಉಸಿರು ಬಿಡ್ತಾ ಹೋಗಬೇಕು. ಕ್ಯಾಸೆಟ್ ಎತ್ತಿಡು. ಸಮುದ್ರ ಬಿಡು. ಒಂದು ಒಣ ಬ್ರಷ್ ತಗೋ. ಗೋಡೆ ಮುಂದೆ ಕೂತು ಉದ್ದ ಗೆರೆ ಎಳಿ. ಗೆರೆ ಶುರುವಾದಾಗ ಉಸಿರು ಬಿಡೋಕೆ ಶುರು ಮಾಡು, ಗೆರೆ ಮುಗಿಯೋವರೆಗೂ ಬಿಡ್ತಾ ಇರು. ವಾಪಸ್ ಬರುವಾಗ ಮೂಗಲ್ಲಿ ತಗೋ. ದಿನಾ ಎರಡು ಹೊತ್ತು, ಕೈ ಸೋಲೋವರೆಗೆ. ಮೇಷ್ಟ್ರು ಸತ್ತು ಎಷ್ಟೋ ಕಾಲ ಆಯ್ತು, ಯಾರೂ ಸ್ಕೇಲ್ ಹಿಡ್ಕೊಂಡು ಬರಲ್ಲ.

ಅಕ್ಕ


ಮಾರ್ಚ್ 4

ಅಕ್ಕ,

ನಲವತ್ತೈದು ವರ್ಷ ಕಟ್ಟಿದ ಉಸಿರನ್ನ ಒಂದು ಕಾಗದ ನೋಡಿ ಬಿಡು ಅಂದ್ರೆ ಹೇಗೆ ಅಂತ ಮೊದಲು ರೇಗಿತು. ಆದ್ರೂ ಮಾಡಿದೆ. ಒಣ ಬ್ರಷ್ಷಿಂದ ಏನೂ ಗೊತ್ತಾಗಲಿಲ್ಲ, ಸೀಮೆಸುಣ್ಣ ತಗೊಂಡು ಹಿತ್ತಲ ಗೋಡೆ ಮೇಲೆ ಎಳೆದೆ. ಉಸಿರು ಬಿಡ್ತಾ ಎಳೆದ ಗೆರೆ ಹಾವಿನ ಹಾಗೆ ಹೋಗಿರುತ್ತೆ ಅಂದ್ಕೊಂಡಿದ್ದೆ. ಸೊಸೆ ಬಂದು ನೋಡಿ, ನೆಟ್ಟಗಿದೆ ಮಾವ ಅಂದಳು. ನನ್ನ ಸಮಾಧಾನಕ್ಕೆ ಹೇಳ್ತಿದ್ದಾಳೆ ಅಂತ ಬೈದೆ. ಅವಳು ಗೋಡೆಗೆ ಸ್ಕೇಲ್ ಇಟ್ಟು, ನನ್ನ ಬೆರಳು ಹಿಡಿದು ಅದರ ಉದ್ದಕ್ಕೂ ಸವರಿಸಿ ತೋರಿಸಿದಳು. ನೆಟ್ಟಗೇ ಇತ್ತು. ಮೇಷ್ಟ್ರ ಮೇಲೆ ಈಗ ನನಗೆ ಎಷ್ಟು ಸಿಟ್ಟು ಬಂದಿದೆ ಅಂತ ಹೇಳೋಕಾಗಲ್ಲ.

ಮನೆಯಲ್ಲಿ ಬಿಪಿ ಇಳೀತು. ವಾರವೆಲ್ಲ ಇಳಿದೇ ಇತ್ತು. ಹಿಗ್ಗಿಕೊಂಡು ಆಸ್ಪತ್ರೆಗೆ ತೋರಿಸೋಕೆ ಹೋದೆ. ಅಲ್ಲಿ ಪಟ್ಟಿ ಕಟ್ಟಿದ ತಕ್ಷಣ ತಲೆಯೊಳಗೆ ನಿನ್ನ ದನಿ. ಉಸಿರು ಬಿಡೋ, ಬಿಡೋ, ಬಿಡೋ. ಬಿಡ್ತಿದ್ದೀನಾ ಇಲ್ವಾ ಅಂತ ನೋಡ್ಕೊಳ್ಳೋಕೆ ಹೋಗಿ ಮತ್ತೆ ಕಟ್ಟಿದೆ. ಮತ್ತೆ ಏರ್ತು. ಡಾಕ್ಟರು ಏಪ್ರಿಲ್ ಮೂರಕ್ಕೆ ಕೊನೇ ಸಲ ದಿನ ಕೊಟ್ಟಿದ್ದಾರೆ. ಆವತ್ತೂ ಹೀಗೇ ಆದ್ರೆ ಬೇರೆ ಊರಿನ ದೊಡ್ಡ ಆಸ್ಪತ್ರೆಗೆ ಬರ್ಕೊಡ್ತೀನಿ ಅಂದ್ರು. ಅಲ್ಲಿ ಸರದಿ ಬರೋದು ವರ್ಷದ ಕೊನೆಗೆ. ಅಷ್ಟರಲ್ಲಿ ಕಣ್ಣಿನ ಕತೆ ಏನು ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಈಗ ನಾನು ಹೇಳೋದನ್ನ ಕೇಳು. ನೀನು ಬರಬೇಡ. ಬರ್ತೀನಿ ಅಂತ ಸೊಸೆ ಹತ್ರ ಅಂದಿದ್ದೀಯಂತೆ. ನಿನ್ನ ದನಿ ಕೇಳಿದ್ರೇ ನನ್ನ ಬಿಪಿ ಏರುತ್ತೆ, ಸುಳ್ಳು ಯಾಕೆ ಹೇಳಲಿ. ಜೀವಮಾನದಲ್ಲಿ ಒಂದು ಸಲವಾದ್ರೂ ಬಾಯಿ ಮುಚ್ಚಿಕೊಂಡು ನನ್ನ ಪಕ್ಕ ಕೂತಿದ್ದೀಯಾ? ನನ್ನ ಹೆಂಡತಿ ಹೋದಾಗ ಬಂದೆ. ಬಂದವರಿಗೆಲ್ಲ ಅವಳು ಹೇಗೆ ಹೋದಳು ಅಂತ ನೀನೇ ಹೇಳಿದೆ. ಚೆನ್ನಾಗೇ ಹೇಳಿದೆ, ಕೇಳಿದವರೆಲ್ಲ ಅತ್ತರು. ಅವಳ ಕೈ ಹಿಡ್ಕೊಂಡಿದ್ದವನು ನಾನು. ನನಗೆ ಹೇಳೋಕೆ ಸರದಿಯೇ ಬರಲಿಲ್ಲ. ಯಾರೂ ಕೇಳಲೂ ಇಲ್ಲ.

ನನಗೆ ಭಯ ಆಗ್ತಿದೆ ಅಕ್ಕ. ಅದಕ್ಕೇ ಇಷ್ಟೆಲ್ಲ ಬರೆದೆ. ಸೊಸೆಗೆ ಹೇಳಬೇಡ.

ತಮ್ಮ


ಮಾರ್ಚ್ 25

ಅಕ್ಕ,

ಉತ್ತರ ಇಲ್ಲ. ಮುಖ ಊದಿಸ್ಕೊಂಡು ಕೂತಿದ್ದೀಯ ಅಂತ ಅರ್ಥ. ಕೂತ್ಕೋ. ನಾನು ಬರೆದದ್ದರಲ್ಲಿ ಸುಳ್ಳು ಒಂದೂ ಇಲ್ಲ, ಹಾಗಾಗಿ ಕ್ಷಮಿಸು ಅಂತ ಬರೆಯಲ್ಲ. ನಿನಗೆ ಮೈಗೆ ಹುಷಾರಿಲ್ಲವಾ ಅಂತ ಸೊಸೆಯನ್ನ ಕೇಳಿದೆ, ಚೆನ್ನಾಗಿದ್ದಾರೆ ಅಂದಳು, ಅಷ್ಟೇ ಹೇಳಿ ಒಳಗೆ ಹೋದಳು. ಚೆನ್ನಾಗಿದ್ದೂ ನಾಲ್ಕು ಸಾಲು ಬರೆಯೋಕೆ ಆಗಲ್ಲ ಅಂದ್ರೆ ಅದೆಂಥ ಸಿಟ್ಟೋ. ಬೈದಾದ್ರೂ ಬರೀಬಾರದಾ?

ಗೋಡೆ ತುಂಬ ಗೆರೆ ಎಳೆದಿದ್ದೀನಿ. ಬೇರೆ ಹೇಳೋಕೆ ಏನೂ ಇಲ್ಲ.

ತಮ್ಮ


ಏಪ್ರಿಲ್ 8

ಅಕ್ಕ,

ಆಪರೇಷನ್ ಆಯ್ತು. ಬಲಗಣ್ಣು. ಕಾಣ್ತಿದೆ. ಗೋಡೆ ಇಷ್ಟು ಬಿಳಿ ಇದೆ ಅಂತ ಮರೆತೇ ಹೋಗಿತ್ತು. ಈ ಕಾಗದದ ಅಕ್ಷರ ಚಿಕ್ಕದಾಗಿರೋದು ನೋಡಿ ನಿನಗೇ ಗೊತ್ತಾಗಿರಬೇಕು. ನೀನು ಕೇಳದಿದ್ರೂ ತಿಳಿಸೋದು ನನ್ನ ಧರ್ಮ, ತಿಳಿಸಿದ್ದೀನಿ.

ಹೇಗಾಯ್ತು ಅಂತ ಬರೀತೀನಿ, ನಿನ್ನ ಕ್ಯಾಸೆಟ್ಟಿಂದ ಅಲ್ಲ ಅಂತ ನಿನಗೆ ಗೊತ್ತಾಗಲಿ. ಎರಡೂ ಕಣ್ಣಿಗೆ ಡ್ರಾಪ್ಸ್ ಹಾಕಿ ಕಾರಿಡಾರಿನ ಬೆಂಚಲ್ಲಿ ಕೂರಿಸಿದ್ರು. ಎಲ್ಲಿ ನೋಡಿದ್ರೂ ಬರೀ ಬೆಳಕು, ಮನುಷ್ಯರೆಲ್ಲ ನೆರಳು. ಸೊಸೆ ಫೈಲ್ ತಗೊಂಡು ಕೌಂಟರಿಗೆ ಹೋದವಳು ಎಷ್ಟು ಹೊತ್ತಾದ್ರೂ ಬರಲಿಲ್ಲ. ಅಷ್ಟರಲ್ಲಿ ಯಾರೋ ಒಬ್ಬಳು ದಪ್ಪನೆ ಮುದುಕಿ, ತಲೆ ತುಂಬ ಶಾಲು ಹೊದ್ದುಕೊಂಡು, ನನ್ನ ಪಕ್ಕವೇ ಬಂದು ಕುಕ್ಕರಿಸಿದಳು. ಕಾರಿಡಾರ್ ತುಂಬ ಬೆಂಚುಗಳಿವೆ, ಇವಳಿಗೆ ನನ್ನ ಪಕ್ಕವೇ ಬೇಕಾಯ್ತು. ಕೂತವಳು ಬುಸ್ಸ್ ಅಂತ ಉಸಿರು ಬಿಡೋಕೆ ಶುರು ಮಾಡಿದಳು. ತಗೊಳ್ಳೋದು, ಬುಸ್ಸ್. ತಗೊಳ್ಳೋದು, ಬುಸ್ಸ್. ನಾನು ಆ ಕಡೆ ಸರಿದೆ, ಅವಳೂ ಸರಿದಳು. "ಏನಮ್ಮಾ, ಅಸ್ತಮಾನಾ?" ಅಂತ ಕೇಳಿದೆ. ತಲೆ ಅಲ್ಲಾಡಿಸಿದಳು, ಮಾತಿಲ್ಲ. ಪಾಪ, ಮೂಗಿ ಇರಬೇಕು ಅಂದ್ಕೊಂಡು ಸುಮ್ಮನಾದೆ.

ನರ್ಸ್ ಬಂದು ಪಟ್ಟಿ ಕಟ್ಟಿದಳು. ನನ್ನ ಉಸಿರು ಎಂದಿನ ಹಾಗೆ ಗಂಟಲಲ್ಲಿ ಸಿಕ್ಕಿಕೊಳ್ತು. ಆಗ ಸರಿಯಾಗಿ ಕಿವಿ ಪಕ್ಕವೇ, ಬುಸ್ಸ್. ತಲೆ ಚಿಟ್ಟು ಹಿಡಿದು ನಾನೂ ಉಸ್ಸಪ್ಪಾ ಅಂತ ಬಿಟ್ಟೆ. ಅವಳು ಮತ್ತೆ ಬುಸ್ಸ್, ನಾನು ಮತ್ತೆ ಉಸ್ಸ್. ಅವಳ ಮೇಲಿನ ಸಿಟ್ಟಲ್ಲಿ ನನ್ನ ಉಸಿರನ್ನ ಗಮನಿಸೋದೇ ಮರೆತೆ. ಹೀಗೇ ಸ್ವಲ್ಪ ಹೊತ್ತು ನಡೀತು. ಬಾಯಿಬಿಟ್ಟು ಬೈಯೋಣ ಅಂತಿದ್ದೆ, ಅಷ್ಟರಲ್ಲಿ ಅವಳು ತನ್ನ ಶಾಲು ತೆಗೆದು ನನ್ನ ಮಂಡಿ ಮೇಲೆ ಹಾಕಿದಳು. ಅಲ್ಲಿ ಎಸಿ ಜಾಸ್ತಿ, ನನ್ನ ಕಾಲು ನಡುಗ್ತಿತ್ತು. ನರ್ಸ್ ಎರಡು ಸಲ ಬಿಪಿ ನೋಡಿ, "ಸರಿಯಾಗಿದೆ, ಬನ್ನಿ ಒಳಗೆ" ಅಂದಳು.

ಹೊರಗೆ ಬಂದಾಗ ಅವಳು ಇರಲಿಲ್ಲ. ಶಾಲು ಇಲ್ಲೇ ಇದೆ. ಯಾರ ಮನೆಯವಳೋ ಏನೋ. ನಿನಗಿಂತ ಅವಳೇ ವಾಸಿ.

ತಮ್ಮ


ಏಪ್ರಿಲ್ 14

ತಮ್ಮನಿಗೆ,

ಆ ದಪ್ಪನೆ ಮುದುಕಿ ನಾನು ಕಣೋ. ಮೂಗಿಯೂ ನಾನೇ. ಬೂದು ಬಣ್ಣದ ಉಣ್ಣೆ ಶಾಲು ನನ್ನದು, ಒಗೆದು ಇಟ್ಟಿರು, ಬಿಸಿ ನೀರಿಗೆ ಹಾಕಬೇಡ.

ನಿನ್ನ ಮಾರ್ಚ್ ನಾಲ್ಕರ ಕಾಗದ ಬಂದಾಗ ಉತ್ತರ ಬರೆದೆ. ಹರಿದೆ. ಮತ್ತೆ ಬರೆದೆ, ಮತ್ತೆ ಹರಿದೆ. ಏನು ಬರೆದ್ರೂ ಅದರಲ್ಲಿ ಮಾತಾಡ್ತಿದ್ದೋಳು ನಾನೇ. ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ಕೂರೋದನ್ನ ಕಾಗದದಲ್ಲಿ ಮಾಡೋಕಾಗಲ್ಲ, ಬಂದೇ ಮಾಡಬೇಕು. ಅದಕ್ಕೇ ನಿನಗೆ ಬರೆಯೋದು ಬಿಟ್ಟು ನಿನ್ನ ಸೊಸೆಗೆ ಫೋನ್ ಮಾಡಿದೆ. ಕೌಂಟರಿನ ಹತ್ರ ಕಂಬದ ಹಿಂದೆ ನಿಂತಿರು, ನಾನು ಸನ್ನೆ ಮಾಡೋವರೆಗೂ ಬರಬೇಡ ಅಂತ ಅವಳಿಗೆ ಹೇಳಿದ್ದು ನಾನೇ. ಅವಳನ್ನ ಬೈಯಬೇಡ.

ಅಷ್ಟು ಹೊತ್ತು ಸುಮ್ಮನೆ ಕೂರೋದು ಎಂಥ ಶಿಕ್ಷೆ ಅಂತ ನಿನಗೆ ಗೊತ್ತಿಲ್ಲ. ಅಸ್ತಮಾನಾ ಅಂತ ಕೇಳಿದ್ಯಲ್ಲ, ಆಗ ನಾಲಿಗೆ ತುದಿವರೆಗೂ ಬಂದಿತ್ತು. ನೀನು ಸರಿದು ಸರಿದು ಬೆಂಚಿಂದ ಕೆಳಗೆ ಬೀಳೋದರಲ್ಲಿದ್ದೆ, ಬೆಂಚು ಹಿಡ್ಕೊಳ್ಳೋ ಅನ್ನಬೇಕು ಅನ್ನಿಸ್ತು. ಪಟ್ಟಿ ಕಟ್ಟಿದಾಗ ನಿನ್ನ ಭುಜ ಎದ್ದು ನಿಂತದ್ದು ನನಗೆ ಕಾಣ್ತಿತ್ತು. ಬಿಡೋ ಅನ್ನೋಕೆ ಬಾಯಿ ತೆರೆದವಳು ಅದನ್ನೇ ಉಸಿರು ಮಾಡಿ ಬಿಟ್ಟೆ. ನಿನ್ನ ಕೈ ನೋಡಿದೆ. ಅಪ್ಪನ ಕೈ ಕೊನೆಗೆ ಹೇಗಾಗಿತ್ತೋ ಹಾಗೇ ಆಗಿದೆ. ಯಾವಾಗ ಹೀಗಾಯ್ತೋ, ನಾನು ನೋಡೇ ಇಲ್ಲ.

ನಿನ್ನನ್ನ ಒಳಗೆ ಕರ್ಕೊಂಡು ಹೋದ ಮೇಲೆ ಅಲ್ಲೇ ಕೂತು ಅತ್ತೆ. ಸೊಸೆ ನೀರು ತಂದುಕೊಟ್ಟಳು. ನರ್ಸ್ ಗಾಬರಿಯಾಗಿ ನನಗೂ ಪಟ್ಟಿ ಕಟ್ಟಿ ಬಿಪಿ ನೋಡಿದಳು, ಎಷ್ಟು ಬಂತು ಅಂತ ನಿನಗೆ ಹೇಳಲ್ಲ. ಎಲ್ಲ ಸರಿಯಾಗಿ ಆಯ್ತು ಅಂತ ಡಾಕ್ಟರ ಬಾಯಿಂದ ಕೇಳಿ ಹೊರಟೆ. ನೀನು ಹೊರಗೆ ಬಂದ ಮೇಲೂ ನಾನು ಅಲ್ಲಿದ್ದಿದ್ರೆ ಖಂಡಿತ ಬಾಯಿ ಬಿಡ್ತಿದ್ದೆ. ಮಾಡಿದ ಕೆಲಸ ಎಲ್ಲ ಹಾಳಾಗ್ತಿತ್ತು.

ಎಡಗಣ್ಣು ಮುಂದಿನ ತಿಂಗಳಂತೆ. ಬರ್ತೀನಿ, ನಾಲ್ಕು ದಿನ ಮುಂಚೆಯೇ ಬರ್ತೀನಿ, ಬೇಡ ಅಂದ್ರೂ ಬರ್ತೀನಿ. ಹಿತ್ತಲಲ್ಲಿ ಎರಡು ಕುರ್ಚಿ ಹಾಕಿಸು. ನಿನ್ನ ಹೆಂಡತಿ ಹೇಗೆ ಹೋದಳು ಅಂತ ನನಗೆ ಹೇಳು. ಮೊದಲಿಂದ ಹೇಳು, ಎಷ್ಟು ಹೊತ್ತಾದ್ರೂ ಪರವಾಗಿಲ್ಲ. ನಾನು ಸುಮ್ಮನೆ ಕೇಳ್ತಾ ಕೂತಿರ್ತೀನಿ.

ಅಕ್ಕ